ಕೈ ನಿಧಾನವಾಗುವ ತನಕ: ಅಭ್ಯಂಗ ಕಲಿಸುವ ನನ್ನ ಕ್ರಮ

ಅಭ್ಯಂಗಕ್ಕೆ, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವ ಮಸಾಜಿಗೆ, ಬರುವವರಲ್ಲಿ "ನನಗೆ ಆತಂಕ ಇದೆ" ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. "ಎದೆ ಬಿಗಿ" ಅಂತಾರೆ. "ತಲೆ ಭಾರ", "ಕೈಕಾಲು ಸೋಲು", "ಹೊಟ್ಟೆಯೊಳಗೆ ಏನೋ ತಳಮಳ", "ಮಲಗಿದರೆ ನಿದ್ದೆ ಹತ್ತಲ್ಲ" ಅಂತಾರೆ. ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲಿರುವ ಮಾತುಗಳಲ್ಲಿ ಮುಕ್ಕಾಲು ಪಾಲು ಮೈಯ ಮಾತುಗಳೇ. ತರಬೇತಿಯ ಮೊದಲ ದಿನ ನಾನು ಎಣ್ಣೆ ಬಟ್ಟಲು ಮುಟ್ಟಿಸುವುದಿಲ್ಲ. ಒಂದು ಹಾಳೆ ಕೊಟ್ಟು ಮನೆಯಲ್ಲಿ, ಬಸ್ಸಿನಲ್ಲಿ ಕೇಳಿದ ಇಂಥ ಮಾತುಗಳನ್ನು ಬರೆಸುತ್ತೇನೆ. ಪಕ್ಕದಲ್ಲಿ ಅದು ಮೈಯಲ್ಲಿ ಎಲ್ಲಿ ಕೂತಿದೆ ಅನ್ನುವುದನ್ನು ಕೈಯಿಟ್ಟು ಹುಡುಕಿಸುತ್ತೇನೆ. "ಹಲ್ಲು ಕಚ್ಚಿಕೊಂಡು ದಿನ ದೂಡ್ತಿದ್ದೀನಿ" ಅನ್ನುವವರ ದವಡೆ ಮೂಲೆ, ಕಿವಿಯ ಕೆಳಗೆ ಎರಡು ಬೆರಳು ಮುಂದೆ, ನಿಜಕ್ಕೂ ಗಟ್ಟಿಯಾಗಿ ಸಿಗುತ್ತದೆ. "ಎದೆ ಬಿಗಿ" ಅನ್ನುವವರು ಮೇಲೆದೆಯಿಂದ ಉಸಿರಾಡುತ್ತಿರುತ್ತಾರೆ. ಪಕ್ಕೆಲುಬನ್ನು ಮೇಲೆತ್ತುವ ಕುತ್ತಿಗೆ ಬದಿಯ ಸ್ನಾಯುಗಳು ಹಗ್ಗದ ಹಾಗೆ ಎದ್ದು ಕಾಣುತ್ತವೆ. ಭುಜ ಕಿವಿಯ ಕಡೆಗೆ ಏರಿರುತ್ತದೆ.

ಭಾವನೆಗೂ ಮೈಗೂ ಇರುವ ನಂಟು ಅಂತ ನಾನು ಕಲಿಸುವುದು ಇಷ್ಟನ್ನೇ. "ದುಃಖ ಸೊಂಟದಲ್ಲಿ ಶೇಖರವಾಗಿದೆ, ಕೋಪ ಯಕೃತ್ತಿನಲ್ಲಿದೆ, ಒತ್ತಿದರೆ ಹೊರಬರುತ್ತದೆ" ಎಂಬ ಮಾತು ಈಗಿನ ಕೋರ್ಸುಗಳಲ್ಲಿ ಧಾರಾಳವಾಗಿ ಓಡಾಡುತ್ತಿದೆ. ನನ್ನ ಪಾಠದಲ್ಲಿ ಅದಕ್ಕೆ ಜಾಗವಿಲ್ಲ. ಕಾಣುವುದು, ಕೈಗೆ ಸಿಗುವುದು ಸ್ನಾಯುವಿನ ಬಿಗಿ, ಉಸಿರಿನ ಲಯ, ಚರ್ಮದ ಬಿಸಿ ಮಾತ್ರ. ಅದರ ಹಿಂದೆ ಏನಿದೆ ಅನ್ನುವುದು ಮಲಗಿದವರಿಗೆ ಬಿಟ್ಟದ್ದು.

ಶಾಸ್ತ್ರದ ಆಧಾರ ಕೇಳುವ ವಿದ್ಯಾರ್ಥಿಗಳಿಗೆ ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಎರಡು ಮಾತು ಸಾಕು. ಅದರ ಮೊದಲ ಭಾಗವಾದ ಸೂತ್ರಸ್ಥಾನದ ಐದನೇ ಅಧ್ಯಾಯದಲ್ಲಿ, ಸ್ಪರ್ಶದಲ್ಲಿ ವಾಯು ಹೆಚ್ಚು, ಸ್ಪರ್ಶ ಇರುವುದು ಚರ್ಮದಲ್ಲಿ, ಆದ್ದರಿಂದ ಅಭ್ಯಂಗ ಚರ್ಮಕ್ಕೆ ಪರಮ ಹಿತ ಎಂದಿದೆ. ಹನ್ನೊಂದನೇ ಅಧ್ಯಾಯದಲ್ಲಿ, ಸ್ಪರ್ಶವೊಂದೇ ಉಳಿದೆಲ್ಲ ಇಂದ್ರಿಯಗಳನ್ನು ವ್ಯಾಪಿಸಿದ್ದು, ಅದು 'ಚೇತಃಸಮವಾಯಿ', ಅಂದರೆ ಮನಸ್ಸಿನೊಂದಿಗೆ ಬಿಡದೆ ಕೂಡಿಕೊಂಡದ್ದು ಎಂದಿದೆ. ಈಗಿನ ಸಂಶೋಧನೆ ಬೇಕೆನ್ನುವವರಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡದ ಕೆಲಸ ಹೇಳುತ್ತೇನೆ. ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ತೆಳು ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ನೇವರಿಸಿದಾಗ ಅವು ಹೆಚ್ಚು ಮಿಡಿಯುತ್ತವೆ, ಅದೇ ವೇಗವನ್ನು ಜನ ಹೆಚ್ಚು ಹಿತ ಅನ್ನುತ್ತಾರೆ ಎಂದು 2009ರಲ್ಲಿ ಅವರು ತೋರಿಸಿದರು. ಅದಕ್ಕಿಂತ ಜೋರಾಗಿ ಓಡಿದರೂ ಹಿತ ಕಡಿಮೆ, ತೀರಾ ತೆವಳಿದರೂ ಕಡಿಮೆ. ನನ್ನ ತರಬೇತಿಯ ಅರ್ಧ ಭಾಗ ನಿಂತಿರುವುದು ಈ ವೇಗದ ಮೇಲೆ.

ಎಣ್ಣೆಗೆ ಮುಂಚೆ

ಮೊದಲ ಎರಡು ವಾರ ಬಟ್ಟೆಯ ಮೇಲೇ ಅಭ್ಯಾಸ. ಕೈ ಇಡುವುದು, ಕೈ ತೆಗೆಯುವುದು, ಇವೆರಡೇ. ಮಲಗಿದವರು ಬೆಚ್ಚುವುದು ಕೈ ಓಡುವಾಗಲ್ಲ, ಕೈ ಇಳಿಯುವಾಗ. ಅಂಗೈ ಮೈಗೆ ಒಂದು ಗೇಣು ದೂರದಲ್ಲಿದ್ದಾಗಿನಿಂದ ಪೂರ್ತಿ ಕೂರುವ ತನಕ ಮೂರು ಸೆಕೆಂಡು ಹಿಡಿಯಬೇಕು. ಮೊದಲು ಅಂಗೈ ನಡು, ಆಮೇಲೆ ಬೆರಳು. ಬೆರಳ ತುದಿ ಮೊದಲು ತಾಗಿದರೆ ಅದು ತಡಕಾಡುವ ಕೈ ಅಂತ ಮೈಗೆ ಅನಿಸುತ್ತದೆ. ಇಟ್ಟ ಕೈ ಒಂದು ನಿಮಿಷ ಅಲ್ಲಾಡಬಾರದು. ಹೊಸಬರಿಗೆ ಈ ಒಂದು ನಿಮಿಷವೇ ಕಷ್ಟ. ಏನಾದರೂ ಮಾಡುತ್ತಿರಬೇಕು ಅಂತ ಬೆರಳು ತುರಿಸುತ್ತದೆ.

ಜೊತೆಗೇ ತೂಕದ ಅಭ್ಯಾಸ. ಅಡುಗೆಮನೆಯ ತಕ್ಕಡಿ ಒಂದು, ಆಳು ನಿಲ್ಲುವ ತೂಕದ ಯಂತ್ರ ಒಂದು ಬೇಕು. ಮುಖಕ್ಕೆ 200–300 ಗ್ರಾಂ, ಹೊಟ್ಟೆಗೆ ಅರ್ಧ ಕಿಲೋ ಆಸುಪಾಸು, ತೋಳಿಗೆ ಒಂದೂವರೆ ಎರಡು ಕಿಲೋ, ಬೆನ್ನಿನ ದಪ್ಪ ಸ್ನಾಯುಗಳಿಗೆ ನಾಲ್ಕೈದು ಕಿಲೋ. ಇವು ನಾನು ಅಭ್ಯಾಸಕ್ಕೆ ಇಟ್ಟುಕೊಂಡ ಅಂಕಿಗಳು, ಮೈ ನೋಡಿ ಹೆಚ್ಚುಕಮ್ಮಿ ಆಗುತ್ತವೆ. ಯಂತ್ರ ನೋಡಿಕೊಂಡು ಒತ್ತುವುದು, ಆಮೇಲೆ ಕಣ್ಣು ಮುಚ್ಚಿ ಒತ್ತಿ ಎಷ್ಟು ಅಂತ ಹೇಳುವುದು. "ಹಗುರವಾಗಿಯೇ ಒತ್ತುತ್ತಿದ್ದೀನಿ" ಅನ್ನುವ ಗಟ್ಟಿ ಕೈಯವರು ಮುಖದ ಒತ್ತಡ ಅಂದುಕೊಂಡು ಒಂದೂವರೆ ಕಿಲೋ ಹಾಕಿರುತ್ತಾರೆ. ಮುಳ್ಳು ತೋರಿಸಿದ ಮೇಲೆ ವಾದ ಮುಗಿಯುತ್ತದೆ.

ಒತ್ತಡ ತೋಳಿನಿಂದ ಬರಬಾರದು, ಮೈಭಾರದಿಂದ ಬರಬೇಕು. ಅದಕ್ಕೆ ಮೇಜಿನ ಎತ್ತರ ಸರಿಯಿರಬೇಕು: ನೇರ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ಮೇಜಿಗೆ ತಾಗಬೇಕು. ಪಂಚಕರ್ಮದ (ಆಯುರ್ವೇದದ ಶುದ್ಧಿ ಚಿಕಿತ್ಸೆಯ) ಮರದ ದ್ರೋಣಿಯ, ಅಂದರೆ ಎಣ್ಣೆ ಹಚ್ಚಲು ಮಲಗಿಸುವ ಮೇಜಿನ, ಎತ್ತರ ಬದಲಿಸಲು ಬರುವುದಿಲ್ಲವಾದ್ದರಿಂದ ಕುಳ್ಳಗಿರುವವರು ಕಾಲ ಕೆಳಗೆ ಅಗಲವಾದ ಮಣೆ ಹಾಕಿಕೊಳ್ಳಬೇಕು. ಮೇಜು ಎತ್ತರವಾದರೆ ಭುಜ ಏರುತ್ತದೆ, ತಗ್ಗಾದರೆ ಸೊಂಟ ಹೋಗುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಹಿಮ್ಮಡಿಯಿಂದ ತೂಕ ಮುಂದಕ್ಕೆ ಜಾರಿಸಿದರೆ ಕೈ ತಾನೇ ಸರಿಯುತ್ತದೆ. ಹೆಬ್ಬೆರಳಿನಿಂದ ಒತ್ತುವ ಅಭ್ಯಾಸ ಶುರುವಿನಲ್ಲೇ ಬಿಡಿಸುತ್ತೇನೆ. ಹೆಬ್ಬೆರಳಿನ ಬುಡದ ಕೀಲು ದಿನಕ್ಕೆ ನಾಲ್ಕು ಬೆನ್ನು ತಾಳುವಂಥದ್ದಲ್ಲ. ಅಲ್ಲಿ ಮುಂಗೈಯನ್ನೋ ಅಂಗೈ ಬುಡವನ್ನೋ ಬಳಸಬೇಕು.

ಫ್ರೆಂಚ್ ಹೆಸರುಗಳನ್ನು ನಾನು ಬಾಯಿಪಾಠ ಮಾಡಿಸುವುದಿಲ್ಲ. ಎಫ್ಲುರಾಜ್ (ನೀವುವುದು), ಪೆಟ್ರಿಸಾಜ್ (ನಾದುವುದು) ಎಂಬವನ್ನು ರೂಢಿಗೆ ತಂದದ್ದು ಹತ್ತೊಂಬತ್ತನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್. ಪರೀಕ್ಷೆಗೆ ಬೇಕಾದವರು ಕಲಿತುಕೊಳ್ಳಲಿ. ಕೈಗೆ ಬೇಗ ಹತ್ತುವುದು ನಮ್ಮ ಕ್ರಿಯಾಪದಗಳು: ನೀವು, ಉಜ್ಜು, ನಾದು, ಅಮುಕು, ತಟ್ಟು, ಅಲುಗಿಸು. ಮಗುವಿನ ಬೆನ್ನು ನೀವಿದವರಿಗೆ ನೀವುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾದುವುದರಲ್ಲಿ ಮಾತ್ರ ಒಂದು ತೊಡಕಿದೆ. ಚಪಾತಿ ಹಿಟ್ಟನ್ನು ಕೆಳಕ್ಕೆ ಒತ್ತಿ ನಾದುತ್ತೇವೆ. ಸ್ನಾಯುವನ್ನು ಮೂಳೆಯಿಂದ ಮೇಲಕ್ಕೆತ್ತಿ, ಹಿಂಡಿ, ಬಿಡಬೇಕು. ಚೆನ್ನಾಗಿ ಚಪಾತಿ ಮಾಡುವವರ ಕೈ ಮೊದಲ ವಾರ ಮೂಳೆಗೆ ಒತ್ತುತ್ತದೆ.

ವೇಗ

ಮಣಿಕಟ್ಟಿನಿಂದ ಮೊಣಕೈ ಮಡಿಕೆಯ ತನಕ ಟೇಪಿನಲ್ಲಿ ಅಳೆದರೆ ಸುಮಾರು 24 ಸೆಂಟಿಮೀಟರ್. ಅಷ್ಟು ದೂರ ಅಂಗೈ ಎಂಟು ಸೆಕೆಂಡಿನಲ್ಲಿ ಹೋದರೆ ಸೆಕೆಂಡಿಗೆ 3 ಸೆಂಟಿಮೀಟರ್. ಮೊಬೈಲಿನಲ್ಲಿ ತಾಳಕ್ಕೆ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಎಂಟು ಟಿಕ್‌ಗೆ ಒಂದು ನೀವು. ಕೇಳಲು ಸುಲಭ. ಮಾಡಿದಾಗ ನಾಲ್ಕನೇ ಟಿಕ್‌ಗೇ ಕೈ ಮೊಣಕೈ ಮುಟ್ಟಿರುತ್ತದೆ. ಕಾಲು ಇನ್ನೂ ಚೆನ್ನಾಗಿ ಬಯಲು ಮಾಡುತ್ತದೆ. ಹರಡಿನಿಂದ ತೊಡೆಯ ಬುಡಕ್ಕೆ ಸುಮಾರು 80 ಸೆಂಟಿಮೀಟರ್. ಹೊಸಬರು ಅದನ್ನು ಮೂರು ಸೆಕೆಂಡಿನಲ್ಲಿ ಮುಗಿಸುತ್ತಾರೆ, ಅಂದರೆ ಸೆಕೆಂಡಿಗೆ 27 ಸೆಂಟಿಮೀಟರ್. ಅದು ಎಣ್ಣೆ ಹಚ್ಚುವ ವೇಗ, ಮೈಯನ್ನು ಸಮಾಧಾನ ಮಾಡುವ ವೇಗ ಅಲ್ಲ. ಹದಿನಾರು ಟಿಕ್ ಕೊಟ್ಟರೆ ಸೆಕೆಂಡಿಗೆ 5 ಸೆಂಟಿಮೀಟರ್ ಬರುತ್ತದೆ.

ಎಲ್ಲಾ ನೀವುವಿಕೆಯೂ ನಿಧಾನವೇ ಆಗಬೇಕಿಲ್ಲ. ಎಣ್ಣೆ ಹರಡುವಾಗ, ಚರ್ಮಕ್ಕೆ ಬಿಸಿ ತರುವಾಗ ಚುರುಕಾಗಿಯೇ ಉಜ್ಜುತ್ತೇವೆ. ಆದರೆ ಯಾವುದೇ ಅಂಗ ಬಿಡುವ ಮೊದಲು ಮೂರು ನೀವು ನಿಧಾನದ್ದಾಗಿರಬೇಕು. ಆಯುರ್ವೇದದ ಇನ್ನೊಂದು ಹಳೆಯ ಗ್ರಂಥ ಸುಶ್ರುತಸಂಹಿತೆಗೆ ಬರೆದ ವ್ಯಾಖ್ಯಾನದಲ್ಲಿ ಡಲ್ಹಣ, ಎಣ್ಣೆ ರೋಮಮೂಲ ಮುಟ್ಟಲು 300 ಮಾತ್ರೆ (ಹೊತ್ತಿನ ಹಳೆಯ ಅಳತೆ), ಚರ್ಮಕ್ಕೆ 400, ರಕ್ತಕ್ಕೆ 500, ಹೀಗೆ ಮಜ್ಜೆಗೆ 900ರ ತನಕ ಲೆಕ್ಕ ಕೊಟ್ಟಿದ್ದಾನೆ. 300 ಮಾತ್ರೆ ಅಂದರೆ ಸುಮಾರು ಒಂದೂವರೆ ನಿಮಿಷ. ಎಣ್ಣೆ ಮಜ್ಜೆಗೆ ಇಳಿಯುತ್ತದೆ ಅಂತ ನಾನು ಹೇಳಲಾರೆ. ಆದರೆ ಒಂದು ಜಾಗದಲ್ಲಿ ಕನಿಷ್ಠ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ಒಂದೂವರೆ ನಿಮಿಷಕ್ಕಿಂತ ಮೊದಲೇ ಕೈ ಬೇರೆ ಜಾಗಕ್ಕೆ ಹಾರಿದರೆ ಸ್ನಾಯು ಸಡಿಲವಾಗಲು ಶುರುವಾಗುವಷ್ಟರಲ್ಲಿ ಬಿಟ್ಟುಬಂದ ಹಾಗೆ.

ಇಬ್ಬರು ಎರಡು ಬದಿಗೆ ನಿಂತು ಮಾಡುವ ಅಭ್ಯಂಗದಲ್ಲಿ ವೇಗದ ತಪ್ಪು ಎರಡು ಪಟ್ಟು ಕಾಣುತ್ತದೆ. ಎಡಗಡೆಯ ಕೈ ಮೊಣಕಾಲಲ್ಲಿ, ಬಲಗಡೆಯದು ಪಾದದಲ್ಲಿ ಇದ್ದರೆ ಮಲಗಿದವರ ಮನಸ್ಸು ಯಾವ ಕೈ ಎಲ್ಲಿದೆ ಅಂತ ಹಿಂಬಾಲಿಸಲು ಶುರುಮಾಡುತ್ತದೆ. ಆಮೇಲೆ ವಿಶ್ರಾಂತಿ ಎಲ್ಲಿಂದ ಬರಬೇಕು? ಒಬ್ಬರು ಮುಂದಾಳು, ಇನ್ನೊಬ್ಬರು ಅನುಸರಿಸುವವರು ಅಂತ ಮೊದಲೇ ಗೊತ್ತುಮಾಡಿ, ಮುಂದಾಳಿನ ಕೈ ನೋಡದೆ ಉಸಿರು ಕೇಳಿಕೊಂಡು ಜೊತೆಯಾಗಲು ಅಭ್ಯಾಸ ಮಾಡಿಸುತ್ತೇನೆ.

ಎಣ್ಣೆ

ಅಭ್ಯಾಸಕ್ಕೆ ಗಾಣದ ಎಳ್ಳೆಣ್ಣೆ. ಕರಾವಳಿಯವರು ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ ಇಷ್ಟಪಡುತ್ತಾರೆ, ಆದರೆ ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಡಿಸೆಂಬರಿನಲ್ಲಿ ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ದೀಪಾವಳಿಗೆ ತಲೆಗೆ ಹಾಕುವ ಹರಳೆಣ್ಣೆ ಒಂದನ್ನೇ ಇಡೀ ಮೈಗೆ ಬಳಸಿದರೆ ಕೈ ಜಾರುವುದಿಲ್ಲ, ಅಂಟಿ ಎಳೆಯುತ್ತದೆ. ಬೇಕೆಂದರೆ ಒಂದು ಪಾಲು ಹರಳೆಣ್ಣೆಗೆ ನಾಲ್ಕು ಪಾಲು ಎಳ್ಳೆಣ್ಣೆ. ಸಾಸಿವೆ ಎಣ್ಣೆ ಉರಿಯುತ್ತದೆ, ನಾನು ಇಡುವುದಿಲ್ಲ. ಕ್ಷೀರಬಲಾ, ಮಹಾನಾರಾಯಣ, ಧಾನ್ವಂತರದಂಥ ತೈಲಗಳು ಯಾರಿಗೆ ಯಾವುದು ಅನ್ನುವುದನ್ನು ವೈದ್ಯರು ಬರೆದುಕೊಡಬೇಕು, ಮಾಲೀಸು ಮಾಡುವವರು ನಿರ್ಧರಿಸುವ ವಿಷಯ ಅಲ್ಲ. ಎಳ್ಳಿನ ಅಲರ್ಜಿ ಅಪರೂಪವಾದರೂ ಇದೆ. ಹೊಸಬರಿಗೆ ಹಿಂದಿನ ದಿನವೇ ಮುಂಗೈ ಒಳಭಾಗಕ್ಕೆ ಎರಡು ಹನಿ ಹಚ್ಚಿ 24 ಗಂಟೆ ನೋಡುವುದು ಒಳ್ಳೆಯದು.

ಒಂದು ಮೈಗೆ 140 ಮಿಲಿ ಆಸುಪಾಸು. ತಲೆಗೆ 20, ಬೆನ್ನಿಗೆ 30, ಒಂದೊಂದು ಕಾಲಿಗೆ 25, ಒಂದೊಂದು ತೋಳಿಗೆ 12, ಹೊಟ್ಟೆ ಎದೆಗೆ 15. ಮೈತುಂಬ ಕೂದಲಿದ್ದರೆ ಇನ್ನೊಂದು 20–30 ಮಿಲಿ ಬೇಕು. ಕಡಿಮೆಯಾದರೆ ಕೂದಲು ಎಳೆದು ಚುಚ್ಚಿದಂತಾಗುತ್ತದೆ, ಮಾರನೇ ದಿನ ಕೂದಲ ಬುಡ ಕೆಂಪಾಗಿ ಗುಳ್ಳೆ ಏಳುತ್ತದೆ. ಹೆಚ್ಚಾದರೆ ಕೈಗೆ ಹಿಡಿತ ಸಿಗದೆ ನಾದುವುದು ಬರೀ ಜಾರಾಟ ಆಗುತ್ತದೆ.

ಎಣ್ಣೆಯನ್ನು ನೇರ ಉರಿಯ ಮೇಲೆ ಇಡುವುದಿಲ್ಲ. ಅಗಲ ಪಾತ್ರೆಯಲ್ಲಿ ಬಿಸಿನೀರು, ಅದರಲ್ಲಿ ಎಣ್ಣೆ ಬಟ್ಟಲು. ಎಣ್ಣೆ 40 ಡಿಗ್ರಿ ಇರಬೇಕು. ಥರ್ಮಾಮೀಟರ್ ಹಾಕಿ ನೋಡಿ, ಆಮೇಲೆ ಮಣಿಕಟ್ಟಿನ ಒಳಗೆ ಹನಿ ಬಿಟ್ಟು ನೋಡಿ. ಅಂಗೈಯಲ್ಲಿ ನೋಡಬೇಡಿ, ದಿನವೆಲ್ಲ ಬಿಸಿ ಎಣ್ಣೆಯಲ್ಲಿ ಆಡುವ ಅಂಗೈ ಸುಳ್ಳು ಹೇಳುತ್ತದೆ. ಮೈಕ್ರೊವೇವ್‌ನಲ್ಲಿ ಕಾಯಿಸಿದ ಎಣ್ಣೆಯಲ್ಲಿ ಒಂದು ಕಡೆ ಉಗುರುಬೆಚ್ಚಗೆ, ಇನ್ನೊಂದು ಕಡೆ ಸುಡುವಷ್ಟು ಇರುತ್ತದೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಅವರ ಪಾದಕ್ಕೆ ಬಿಸಿ ಒಂದು ಮಟ್ಟ ಕಡಿಮೆಯೇ ಇರಲಿ. ಕೋಣೆ 26–28 ಡಿಗ್ರಿ, ಫ್ಯಾನ್ ಬಂದ್. ಎಣ್ಣೆಯನ್ನು ಮೈಮೇಲೆ ಸುರಿಯದೆ ಅಂಗೈಗೆ ಹಾಕಿಕೊಂಡೇ ಹಚ್ಚಬೇಕು. ಎದೆಯ ಮೇಲೆ ತಣ್ಣನೆ ಎಣ್ಣೆಯ ಒಂದು ಹನಿ ಬಿದ್ದರೆ ಅಲ್ಲಿಯ ತನಕದ ಇಪ್ಪತ್ತು ನಿಮಿಷದ ಕೆಲಸ ನೀರುಪಾಲು.

ಯಾರನ್ನು ಮಲಗಿಸಬಾರದು

ಇದರಲ್ಲಿ ರಿಯಾಯಿತಿ ಇಲ್ಲ. ಜ್ವರ, ಚರ್ಮದ ಸೋಂಕು, ತೆರೆದ ಗಾಯ, ಹೊಸ ಶಸ್ತ್ರಚಿಕಿತ್ಸೆ, ಹತೋಟಿಗೆ ಬಾರದ ಬಿ.ಪಿ. ಇದ್ದರೆ ವಾಪಸ್. ಗರ್ಭಿಣಿಯರನ್ನು ಮೊದಲ ಮೂರು ತಿಂಗಳು ನಾನು ತೆಗೆದುಕೊಳ್ಳುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಕೊಂಡು ಬರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ನಾದುವುದು ಬೇಡ, ನೀಲಿಗಟ್ಟುತ್ತದೆ. ಮೂಳೆ ಸವೆದ ವಯಸ್ಸಾದವರ ಪಕ್ಕೆಲುಬಿನ ಮೇಲೆ ಮೈಭಾರ ಹಾಕಬಾರದು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮುಟ್ಟಲೇಬಾರದು. ಉದ್ದ ಪ್ರಯಾಣ, ಆಪರೇಷನ್ ಅಥವಾ ಹೆರಿಗೆ ಆದಮೇಲೆ ಹೀಗಾದರೆ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಉಜ್ಜಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಬಹುದು. "ಸ್ವಲ್ಪ ನೀವಿಬಿಡಮ್ಮಾ, ಸರಿಹೋಗ್ತದೆ" ಅಂತ ಎಷ್ಟು ಬೇಡಿಕೊಂಡರೂ ಆವತ್ತೇ ಆಸ್ಪತ್ರೆಗೆ ಕಳಿಸಬೇಕು. ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟ ಅಭ್ಯಂಗ ಬೇಡವೆಂದ ಪಟ್ಟಿ ಚಿಕ್ಕದು: ಕಫ ಹೆಚ್ಚಿದವರು, ಆಗತಾನೇ ಶೋಧನ (ವಾಂತಿ, ಭೇದಿ ಮಾಡಿಸುವಂಥ ಶುದ್ಧಿ ಚಿಕಿತ್ಸೆ) ಮುಗಿಸಿದವರು, ಅಜೀರ್ಣ ಇರುವವರು. ಊಟ ಮಾಡಿ ಎರಡು ಗಂಟೆ ಆಗಿರಲಿ ಎಂದು ನಾನು ಕೇಳುವುದು ಆ ಕೊನೆಯದನ್ನು ನೆನೆದೇ.

ಕುತ್ತಿಗೆಯ ಮುಂಭಾಗ, ಮೊಣಕಾಲಿನ ಹಿಂದಿನ ಗುಳಿ, ಕಂಕುಳ ಒಳಭಾಗ, ಬೆನ್ನುಹುರಿಯ ಮೂಳೆ ಇವುಗಳ ಮೇಲೆ ಒತ್ತಡ ಇಲ್ಲ, ಬರೀ ಎಣ್ಣೆ ಸವರಿ ದಾಟಬೇಕು.

ಅರವತ್ತು ನಿಮಿಷ

ರೂಢಿಯ ಕ್ರಮ ಏಳು ಭಂಗಿ: ಕೂತು, ಅಂಗಾತ, ಎರಡು ಮಗ್ಗುಲು, ಬೋರಲು, ಮತ್ತೆ ಅಂಗಾತ, ಮತ್ತೆ ಕೂತು. ಎಣ್ಣೆ ಹತ್ತಿದ ದ್ರೋಣಿಯ ಮೇಲೆ ಅಷ್ಟು ಸಲ ಹೊರಳಿಸಿದರೆ ಬಂದ ಮಂಪರು ಹಾರಿಹೋಗುತ್ತದೆ, ಜಾರುವ ಭಯ ಬೇರೆ. ಮನಸ್ಸಿಗೆ ಸಮಾಧಾನವೇ ಮುಖ್ಯವಾದಾಗ ನಾನು ಮೂರೇ ಭಂಗಿ ಇಟ್ಟುಕೊಂಡಿದ್ದೇನೆ. ಕೂತು ತಲೆ, ಭುಜ 8 ನಿಮಿಷ. ಬೋರಲಾಗಿ ಬೆನ್ನು 15, ಕಾಲ ಹಿಂಭಾಗ 10. ಅಂಗಾತ ಕಾಲ ಮುಂಭಾಗ 8, ಹೊಟ್ಟೆ 4, ತೋಳು 8, ಮುಖ 4, ಕೊನೆಗೆ ಪಾದ 3. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದು ವಾಗ್ಭಟ ಹೇಳಿರುವುದನ್ನು ಹೊಸಬರು ಮೊದಲು ಬಿಡುತ್ತಾರೆ. ಬೆನ್ನಿನಲ್ಲಿ ಹೊತ್ತು ಕಳೆದು, ಪಾದಕ್ಕೆ ಬರುವಾಗ ಗಡಿಯಾರ ನೋಡುತ್ತಾರೆ. ಬೋರಲು ಮಲಗಲಾಗದ ವಯಸ್ಸಾದವರನ್ನು ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲ ಕೆಳಗೆ ಒಂದು ದಿಂಬು, ಎದೆಗೆ ಅಪ್ಪಿಕೊಳ್ಳಲು ಒಂದು ದಿಂಬು.

ಬೆನ್ನು ಶುರುಮಾಡುವ ಮೊದಲು ಒಂದು ಕೈ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ) ಮೇಲೆ, ಇನ್ನೊಂದು ಎರಡು ಹೆಗಲೆಲುಬುಗಳ ನಡುವೆ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಉಸಿರು ಎಣಿಸಲು ಇದು ಸರಿಯಾದ ಜಾಗ. ಶುರುವಿನಲ್ಲಿ ಮೇಲಿನ ಕೈಯಷ್ಟೇ ಏರಿಳಿಯುತ್ತದೆ. ಕೆಲಸ ಹದಕ್ಕೆ ಬಂದಾಗ ಕೆಳಗಿನ ಕೈಯೂ ಏಳುತ್ತದೆ, ನಿಮಿಷಕ್ಕೆ 16–18 ಇದ್ದ ಉಸಿರು 12ರ ಹತ್ತಿರ ಇಳಿಯುತ್ತದೆ. ಎಣ್ಣೆ ತೆಗೆದುಕೊಳ್ಳಲು ಹೋಗುವಾಗ ಒಂದು ಕೈ ಮೈಮೇಲೆ ಇದ್ದೇ ಇರಬೇಕು, ಬಟ್ಟಲು ಅದಕ್ಕೆ ತಕ್ಕ ಜಾಗದಲ್ಲಿರಬೇಕು. ಎರಡೂ ಕೈ ಒಮ್ಮೆಗೇ ಎದ್ದರೆ ಮಲಗಿದವರು ಕಣ್ಣು ಬಿಡುತ್ತಾರೆ.

ಹೊಟ್ಟೆಯ ಮೇಲೆ ಕೈ ಇಡುವ ಮುಂಚೆ ಮತ್ತೊಮ್ಮೆ ಕೇಳಲೇಬೇಕು. ಮೊಣಕಾಲ ಕೆಳಗೆ ದಿಂಬು, ಕೈ ಹೊಕ್ಕುಳಿನ ಸುತ್ತ ಅವರ ಬಲ ಕೆಳಮೂಲೆಯಿಂದ ಮೇಲಕ್ಕೆ, ಅಡ್ಡಕ್ಕೆ, ಎಡಗಡೆ ಕೆಳಕ್ಕೆ, ದೊಡ್ಡಕರುಳು ಸಾಗುವ ದಿಕ್ಕಿನಲ್ಲೇ. ಬೇಡ ಅಂದರೆ ಬಿಟ್ಟು ತೋಳಿಗೆ ಹೋಗುವುದು, ಕಾರಣ ಕೇಳಬಾರದು.

ಒಪ್ಪಿಗೆಯ ವಿಷಯದಲ್ಲಿ ನಮ್ಮ ಜನರ ಒಂದು ಮಾತು ಅರ್ಥಮಾಡಿಕೊಂಡಿರಬೇಕು, ಅದು "ಪರವಾಗಿಲ್ಲ". ನೋಯುತ್ತಿದೆಯಾ ಅಂದರೆ ಪರವಾಗಿಲ್ಲ. ಚಳಿಯಾಗ್ತಿದೆಯಾ ಅಂದರೆ ಪರವಾಗಿಲ್ಲ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ, ಸಹಿಸಿಕೊಳ್ಳುತ್ತೇನೆ ಅಂತ. "ನೋವಾದರೆ ಹೇಳಿ" ಅನ್ನುವ ಮಾತನ್ನು ಅದಕ್ಕೇ ನಾನು ತೆಗೆದುಹಾಕಿದ್ದೇನೆ. ಅದರ ಬದಲು ಆಯ್ಕೆ ಕೊಡಬೇಕು: "ಅಮ್ಮಾ, ಇಷ್ಟೇ ಇರಲಾ, ಇನ್ನೂ ಹಗುರ ಮಾಡಲಾ?" ಎರಡರಲ್ಲಿ ಒಂದನ್ನು ಆರಿಸುವುದು ದೂರು ಹೇಳುವುದಕ್ಕಿಂತ ಸುಲಭ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ಪಂಚಕರ್ಮದ ರೂಢಿಯನ್ನೂ ನಾನು ಸಡಿಲಿಸುವುದಿಲ್ಲ.

ಕಣ್ಣೀರು, ನಡುಕ, ಮರಗಟ್ಟುವುದು

ಬೆನ್ನಿನ ಹತ್ತನೇ ನಿಮಿಷದಲ್ಲೋ, ತಲೆಯನ್ನು ಎರಡು ಅಂಗೈಗಳ ಮೇಲೆ ಹಿಡಿದಿರುವಾಗಲೋ ದೊಡ್ಡ ನಿಟ್ಟುಸಿರು ಬರುವುದು ಸಾಮಾನ್ಯ. ಹೊಟ್ಟೆ ಗುಡುಗುಡು ಅನ್ನುತ್ತದೆ, ಬೆರಳು ಸಣ್ಣಗೆ ಅದುರುತ್ತದೆ, ಕೆಲವರು ಗೊರಕೆ ಹೊಡೆಯುತ್ತಾರೆ, ಕೆಲವರ ಕಣ್ಣಲ್ಲಿ ನೀರು. ಇದ್ಯಾವುದಕ್ಕೂ ಹೆದರಬೇಕಿಲ್ಲ, ಹಿಗ್ಗಲೂಬಾರದು. ಹಿಗ್ಗುವುದೇ ಹೆಚ್ಚು ಅಪಾಯ. ಒಬ್ಬರಿಗೆ ಅಳು ಬಂತೆಂದರೆ ತನ್ನ ಕೈಗುಣ ಅಂತ ಹೊಸಬರಿಗೆ ಅನಿಸಿ, ಮುಂದಿನವರಿಗೂ ಅದನ್ನು ತರಿಸಲು ಅದೇ ಜಾಗ ಒತ್ತತೊಡಗುತ್ತಾರೆ.

ಅಳು ಬಂದಾಗ ಮಾಡುವುದನ್ನು ತರಗತಿಯಲ್ಲಿ ನಾಟಕದ ಹಾಗೆ ಅಭ್ಯಾಸ ಮಾಡಿಸುತ್ತೇನೆ. ನೀವುವುದು ನಿಲ್ಲಿಸಿ, ಕೈ ತೆಗೆಯಬೇಡಿ, ಇದ್ದಲ್ಲೇ ಇರಲಿ. ಎರಡು ಉಸಿರು ಕಾಯಿರಿ. ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ: "ಕೈ ಹೀಗೇ ಇರಲಾ, ತೆಗೆಯಲಾ?" ಮೃದುವಾದ ಒಣ ಬಟ್ಟೆ ಅವರ ಕೈಗೆ ಕೊಡಿ, ನೀವೇ ಕಣ್ಣು ಒರೆಸಬೇಡಿ. "ಯಾಕೆ ಅಳ್ತಿದ್ದೀರಿ" ಅಂತ ಕೇಳಬೇಡಿ, "ಅಳಬೇಡಿ" ಅಂತಲೂ ಹೇಳಬೇಡಿ. ತಾವಾಗಿ ಮಾತಾಡಿದರೆ "ಹ್ಞೂಂ" ಅನ್ನುವುದೇ ಸಾಕು. ನಮ್ಮೂರಲ್ಲಿ ಹೀಗೇ ಆಗಿತ್ತು, ನನ್ನ ಅತ್ತೆಯೂ ಹೀಗೇ ಅಂತ ನಮ್ಮ ಕಥೆ ತೆಗೆಯುವುದು ದೊಡ್ಡ ತಪ್ಪು. ಎಣ್ಣೆ ಕೈಯವರು ಮನೋವೈದ್ಯರಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಸದ್ದಿಲ್ಲದ ಸ್ಥಿತಿ. ಮಲಗಿದವರು ಅಲ್ಲಾಡುವುದಿಲ್ಲ, ಮಾತಿಲ್ಲ, ಹೊಸಬರಿಗೆ ಇದು ಗಾಢ ವಿಶ್ರಾಂತಿ ಅನಿಸುತ್ತದೆ. ಮಣಿಕಟ್ಟಿನ ಕೆಳಗೆ ಎರಡು ಬೆರಳು ಇಟ್ಟು ತೋಳನ್ನು ಒಂದೆರಡು ಅಂಗುಲ ಎತ್ತಿ ನೋಡಿ. ಸಡಿಲವಾದ ತೋಳು ಹಸಿ ಬಟ್ಟೆಯ ಹಾಗೆ ಭಾರ, ಮೊಣಕೈ ತಾನೇ ಮಡಿಯುತ್ತದೆ. ಹೆದರಿ ಮರಗಟ್ಟಿದ ತೋಳು ಹಗುರವಾಗಿ ಎದ್ದುಬರುತ್ತದೆ, ಬೆರಳು ತೆಗೆದರೂ ಕ್ಷಣಕಾಲ ಗಾಳಿಯಲ್ಲೇ ನಿಂತಿರುತ್ತದೆ. ಕಾಲ್ಬೆರಳು ಮಡಿಸಿಕೊಂಡಿರುತ್ತವೆ, ಉಸಿರು ತಡೆದು ತಡೆದು ಬರುತ್ತದೆ, ಬೆಚ್ಚನೆ ಎಣ್ಣೆಯಲ್ಲೂ ಅಂಗೈ ತಣ್ಣಗಿರುತ್ತದೆ. ಹಳೆಯ ಪೆಟ್ಟು, ಹಿಂಸೆ ಅನುಭವಿಸಿದವರಿಗೆ ಸ್ಪರ್ಶವೇ ಹೀಗೆ ಮಾಡಬಹುದು. ಆಗ ಮುಂದುವರಿಸುವ ಮಾತೇ ಇಲ್ಲ. ಮೈಗೆ ಹೊದಿಕೆ ಎಳೆದು, ದೀಪ ಸ್ವಲ್ಪ ಹೆಚ್ಚಿಸಿ, ಕಣ್ಣು ಬಿಡಲು ಹೇಳಿ. ಕೋಣೆಯಲ್ಲಿ ಕಾಣುವ ಎರಡು ಮೂರು ವಸ್ತು ಹೇಳಲಿ, ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲಿ. ಎದ್ದು ಕೂತ ಮೇಲೆ ಬೆಚ್ಚನೆ ನೀರು ಕೊಟ್ಟು, ಇವತ್ತಿಗೆ ಸಾಕು ಅಂತ ನಾವೇ ಹೇಳಬೇಕು. ಪದೇ ಪದೇ ಹೀಗಾಗುತ್ತಿದ್ದರೆ, ಬದುಕೇ ಬೇಡ ಅನ್ನುವಂಥ ಮಾತು ಬಂದರೆ ವೈದ್ಯರ ಕಡೆಗೆ ಕಳಿಸುವುದು. 2022ರ ಅಕ್ಟೋಬರಿನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416 ಕನ್ನಡದಲ್ಲೂ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಆ ಸಂಖ್ಯೆಯನ್ನು ಎಣ್ಣೆ ಕಪಾಟಿನ ಬಾಗಿಲ ಒಳಗೆ ಅಂಟಿಸಿರುತ್ತೇನೆ.

ಬಂದವರಿಗೆ ಏನು ಭರವಸೆ ಕೊಡಬೇಕು ಎಂಬುದರಲ್ಲೂ ಕೈ ಹಿಡಿತದಲ್ಲಿರಬೇಕು. ಸಂಶೋಧಕ ಕ್ರಿಸ್ಟೋಫರ್ ಮೋಯರ್ ಮತ್ತು ಸಂಗಡಿಗರು 2004ರಲ್ಲಿ ಮಸಾಜಿನ ಬಗೆಗಿನ 37 ಅಧ್ಯಯನಗಳನ್ನು ಒಟ್ಟು ನೋಡಿ, ಹಲವು ಸಲ ಸಾಲಾಗಿ ಮಾಡಿಸಿಕೊಂಡವರಲ್ಲಿ ಆತಂಕ, ಖಿನ್ನತೆ ಗಮನಾರ್ಹವಾಗಿ ತಗ್ಗುವುದನ್ನು ಕಂಡರು. ಅದೇ ಮೋಯರ್ 2011ರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮೇಲೆ ಮಸಾಜಿನ ಪರಿಣಾಮ ತೀರಾ ಅಲ್ಪ ಎಂದು ತೋರಿಸಿದರು. ಹಾಗಿದ್ದೂ "ಒತ್ತಡದ ಹಾರ್ಮೋನು ಇಳಿಸುತ್ತದೆ" ಎಂಬ ಬೋರ್ಡು ಎಲ್ಲ ಸ್ಪಾಗಳ ಗೋಡೆಯಲ್ಲೂ ಇದೆ! ನಾನು ಕಲಿಸುವ ಮಾತು ಇಷ್ಟೇ: ಮೈ ಹಗುರ ಆಗುತ್ತದೆ, ನಿದ್ದೆಗೆ ಅನುಕೂಲ, ಒಂದೇ ದಿನಕ್ಕೆ ನಿರ್ಧರಿಸಬೇಡಿ, ನಿಮ್ಮ ಮಾತ್ರೆ ನಿಲ್ಲಿಸಬೇಡಿ.

ಮುಗಿಸುವುದು, ತೊಳೆಯುವುದು

ಪಾದ ಬಿಡುವಾಗ ಎರಡು ಹಿಮ್ಮಡಿಯನ್ನೂ ಅಂಗೈಯಲ್ಲಿ ಹಿಡಿದು ಐದು ಉಸಿರು, ಆಮೇಲೆ ಕೈ ನಿಧಾನವಾಗಿ ಹಿಂದಕ್ಕೆ. ಹತ್ತು ನಿಮಿಷ ಹೊದಿಕೆಯಲ್ಲಿ ಬಿಡಿ. ಎಬ್ಬಿಸುವಾಗ ಮೊದಲು ಮಗ್ಗುಲಿಗೆ ತಿರುಗಿಸಿ, ಕೂರಿಸಿ, ಕಾಲು ಇಳಿಬಿಟ್ಟು ಎರಡು ನಿಮಿಷ. ನೇರ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಅಂಗಾಲನ್ನು ಒಣ ಬಟ್ಟೆಯಿಂದ ಎರಡು ಸಲ ಒರೆಸದೆ ನೆಲಕ್ಕೆ ಇಳಿಸಬಾರದು. ಈ ಕೆಲಸದಲ್ಲಿ ನಾನು ಹೆಚ್ಚು ಎಚ್ಚರ ಹೇಳುವುದು ಮರ್ಮಗಳ (ಪೆಟ್ಟು ತಾಗಬಾರದ ಸೂಕ್ಷ್ಮ ಜಾಗಗಳ) ಬಗ್ಗೆ ಅಲ್ಲ, ಬಚ್ಚಲಿನ ಬಾಗಿಲ ಬಳಿ ಜಾರಿ ಬೀಳುವುದರ ಬಗ್ಗೆ. ಸ್ನಾನಕ್ಕೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಕಾಯಿ ಅಥವಾ ಅಂಟುವಾಳ.

ಕಲಿಯುವವರು ಕನಿಷ್ಠ ಹತ್ತು ಸಲ ತಾವೇ ಮಲಗಿ ಪೂರ್ತಿ ಅಭ್ಯಂಗ ಮಾಡಿಸಿಕೊಂಡು, ಪ್ರತಿ ಸಲವೂ ಮೂರು ಸಾಲು ಬರೆಯಬೇಕು: ಎಲ್ಲಿ ಬೆಚ್ಚಿದೆ, ಎಲ್ಲಿ ಉಸಿರು ಬಿಟ್ಟೆ, ಏನು ಹೇಳಬೇಕೆಂದು ಹೇಳದೆ ಉಳಿದೆ. ಮೂರನೇ ಸಾಲು ಮೊದಮೊದಲು ಖಾಲಿ ಇರುತ್ತದೆ. ಐದನೇ ಸಲದ ಹೊತ್ತಿಗೆ ಅಲ್ಲೇ ಹೆಚ್ಚು ಬರಹ ಇರುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಮೈ ಹಿಡಿಯಬಾರದು ಅನ್ನುವುದು ನನ್ನ ಲೆಕ್ಕ. ಐದನೆಯವರಿಗೆ ಕೈ ಇರುತ್ತದೆ, ಗಮನ ಇರುವುದಿಲ್ಲ.

ಕೊನೆಗೆ ಟವೆಲ್ಲು. ಎಣ್ಣೆ ಹೀರಿದ ಬಟ್ಟೆಯನ್ನು ಮೊದಲು ಬಿಸಿನೀರು, ವಾಷಿಂಗ್ ಸೋಡದಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು. ತೊಳೆದರೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ. ಉಳಿದ ಎಣ್ಣೆ ಗಾಳಿಯೊಂದಿಗೆ ಸೇರಿ ತಾನೇ ಬಿಸಿಯಾಗುತ್ತದೆ. ಡ್ರೈಯರ್‌ನಿಂದ ತೆಗೆದ ಬಿಸಿ ಟವೆಲ್ಲುಗಳನ್ನು ಮಡಚಿ ಪೇರಿಸಿಟ್ಟರೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ರಾತ್ರಿ ಬೆಂಕಿ ಹತ್ತಿಕೊಳ್ಳಬಹುದು. ನಾನು ಹಗ್ಗದ ಮೇಲೆ ಬಿಸಿಲಿಗೇ ಹಾಕಿಸುವುದು, ಮಳೆಗಾಲದಲ್ಲಿ ಡ್ರೈಯರ್ ಬಳಸಿದರೆ ಒಂದೊಂದನ್ನೇ ಬಿಡಿಸಿ ಹರವಿ ಪೂರ್ತಿ ಆರಿದ ಮೇಲೆ ಮಡಚುವುದು. ಎಣ್ಣೆ ವಾಸನೆ ಬಿಡದ ಟವೆಲ್ಲನ್ನು ಮೂರು ತಿಂಗಳಿಗೆ ಎಸೆಯುತ್ತೇವೆ. ಕಮಟು ವಾಸನೆಯ ಬಟ್ಟೆಯ ಮೇಲೆ ಮುಖ ಇಟ್ಟು ಮಲಗಿದವರಿಗೆ ಎಷ್ಟು ನಿಧಾನವಾಗಿ ನೀವಿದರೂ ಉಸಿರು ಇಳಿಯುವುದಿಲ್ಲ.